ಬೀಗ ಹಾಕಿ ಕೀಲಿಯನ್ನು ಮೊಳೆಗೆ ನೇತುಹಾಕಬೇಡಿ

ಊರಿನ ಸಂಘದ ಕಚೇರಿಗೆ ಹೋಗಿ ನೋಡಿ. ಕಂಪ್ಯೂಟರ್ ಮೂಲೆಗೆ ಅಂಟಿಸಿದ ಚೀಟಿಯಲ್ಲಿ ಇಮೇಲ್ ಐಡಿ, ಪಕ್ಕದಲ್ಲೇ ಪಾಸ್‌ವರ್ಡ್. ಕೇಳಿದರೆ ‘ಎಲ್ಲರಿಗೂ ಒಂದೇ ಇದ್ದರೆ ಅನುಕೂಲ’ ಎನ್ನುತ್ತಾರೆ. ಈ ಅನುಕೂಲ ನಿಲ್ಲಬೇಕು ಎನ್ನುತ್ತೇವೆ ನಾವು.

ಇಮೇಲ್ ಕಳಿಸುವ ನಿಯಮವಾದ ಎಸ್‌ಎಂಟಿಪಿ ಬಂದಿದ್ದು 1982ರಲ್ಲಿ. ಆಗ ಸರ್ವರ್ ‘ನೀನು ಯಾರು’ ಎಂದು ಕೇಳುತ್ತಿರಲಿಲ್ಲ. ಬಸ್ ಡ್ರೈವರ್ ಕೈಗೆ ಕವರ್ ಕೊಟ್ಟು ‘ಮುಂದಿನ ಊರಲ್ಲಿ ಕೊಟ್ಬಿಡಣ್ಣ’ ಅಂದ ಹಾಗೆ, ಯಾರ ಪತ್ರವನ್ನಾದರೂ ಮುಂದಕ್ಕೆ ಸಾಗಿಸುತ್ತಿತ್ತು. ಇದಕ್ಕೆ ರಿಲೇ ಎನ್ನುತ್ತಾರೆ. 1990ರ ದಶಕದಲ್ಲಿ ಸ್ಪ್ಯಾಮ್ ಕಳಿಸುವವರು ಈ ತೆರೆದ ಬಾಗಿಲಲ್ಲೇ ನುಗ್ಗಿದರು. ಹಾಗಾಗಿ 1999ರಲ್ಲಿ ಎಸ್‌ಎಂಟಿಪಿ ಆಥ್ ಎಂಬ ನಿಯಮ ಬಂತು: ಮೊದಲು ಹೆಸರು, ಪಾಸ್‌ವರ್ಡ್ ಹೇಳು, ಆಮೇಲೆ ಸಾಗಿಸುತ್ತೇನೆ.

ಆದರೆ ಸರ್ವರ್ ನೋಡುವುದು ಪಾಸ್‌ವರ್ಡ್, ಮುಖವಲ್ಲ. ಚೀಟಿ ಓದಿದವರೆಲ್ಲ ಅದರ ಲೆಕ್ಕಕ್ಕೆ ಸದಸ್ಯರೇ.

ನಮ್ಮ ಬಳಗದಲ್ಲೂ ಹನ್ನೊಂದು ಜನಕ್ಕೆ ಒಂದೇ ಖಾತೆ ಇತ್ತು. ಒಂದು ರಾತ್ರಿ ನಮ್ಮ ಹೆಸರಲ್ಲಿ ಸಾವಿರಾರು ಲಾಟರಿ ಮೇಲ್ ಹೋದವು. ಬೇರೆ ಸರ್ವರ್‌ಗಳು ನಮ್ಮ ಸರ್ವರನ್ನೇ ಕಪ್ಪುಪಟ್ಟಿಗೆ ಸೇರಿಸಿದವು. ಅದೇ ವಾರ ಗೆಳತಿಯೊಬ್ಬಳು ಕಳಿಸಿದ ಕೆಲಸದ ಅರ್ಜಿ ತಿರಸ್ಕಾರವಾಗಿ ವಾಪಸ್ ಬಂತು. ಅವಳು ನೋಡುವಷ್ಟರಲ್ಲಿ ಕೊನೆಯ ದಿನ ಮುಗಿದಿತ್ತು. ಪಾಸ್‌ವರ್ಡ್ ಸೋರಿದ್ದು ಯಾರಿಂದ? ಲಾಗ್‌ನಲ್ಲಿ ಇದ್ದದ್ದು ಒಂದೇ ಹೆಸರು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತೆವು.

‘ಹಳ್ಳಿ ಜನಕ್ಕೆ ಇಷ್ಟೆಲ್ಲ ಯಾಕೆ’ ಎನ್ನುವವರಿಗೆ ಒಂದು ಪ್ರಶ್ನೆ. ಹಾಲಿನ ಡೇರಿಯಲ್ಲಿ ಪ್ರತಿ ಸದಸ್ಯರಿಗೂ ಬೇರೆ ನಂಬರ್ ಯಾಕಿದೆ? ನೀರು ಬೆರೆಸಿದವರು ಯಾರೆಂದು ತಿಳಿಯಲು, ಉಳಿದವರ ಹಾಲು ಕೆಡದಿರಲು. ಡೇರಿಯ ಲೆಕ್ಕ ಇಟ್ಟವರಿಗೆ ಇಮೇಲ್ ಲೆಕ್ಕ ಕಷ್ಟವಲ್ಲ. ಪಾಸ್‌ವರ್ಡ್ ನೆನಪಿಡಬೇಕಾಗಿಯೂ ಇಲ್ಲ, ಒಮ್ಮೆ ಹಾಕಿದರೆ ಫೋನೇ ಇಟ್ಟುಕೊಳ್ಳುತ್ತದೆ.

ನಾವು ಕೇಳುವುದು ಇಷ್ಟೇ. ಒಬ್ಬರಿಗೆ ಒಂದು ಖಾತೆ. ಸಂಘ ಬಿಟ್ಟವರ ಖಾತೆ ಅಂದೇ ಬಂದ್. ಒಂದು ಖಾತೆಯಿಂದ ದಿನಕ್ಕೆ ಇಂತಿಷ್ಟೇ ಮೇಲ್ ಎಂಬ ಮಿತಿ. ಸೆಟ್ಟಿಂಗ್‌ನಲ್ಲಿ ಟಿಎಲ್‌ಎಸ್ ಆನ್ ಇರಲಿ, ಇಲ್ಲವಾದರೆ ಪಾಸ್‌ವರ್ಡ್ ದಾರಿಯಲ್ಲೇ ಬಯಲಾಗಬಹುದು.

ನಾಳೆ ಕಚೇರಿ ಬಾಗಿಲು ತೆಗೆದ ಕೂಡಲೇ ಮೊದಲು ಪಾಸ್‌ವರ್ಡ್ ಬದಲಿಸಿ, ಆಮೇಲೆ ಆ ಚೀಟಿ ಹರಿಯಿರಿ.