ಸಬ್ರ್ ಮಾಡು ಅನ್ನುವುದು ಚಿಕಿತ್ಸೆಯಲ್ಲ

2020ರ ಮಾರ್ಚ್ 22ರ ಸಂಜೆ ಐದಕ್ಕೆ ನಾವೆಲ್ಲ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದೆವು, ತಟ್ಟೆ ಬಡಿದೆವು. ಬಿಳಿ ಕೋಟಿನವರನ್ನು ‘ಕೊರೋನಾ ಯೋಧರು’ ಎಂದೆವು. ಆ ಯೋಧರಲ್ಲಿ ಇನ್ನೂ ಪೂರ್ತಿ ವೈದ್ಯರಾಗದ ಇಪ್ಪತ್ತಮೂರು, ಇಪ್ಪತ್ತನಾಲ್ಕರ ಮಕ್ಕಳಿದ್ದರು ಎಂಬುದು ಆಗ ನಮಗೆ ಹೊಳೆಯಲಿಲ್ಲ.

ನನ್ನ ಅಕ್ಕನ ಮಗಳು ಅವರಲ್ಲೊಬ್ಬಳು. 2021ರ ಮೇ ತಿಂಗಳಲ್ಲಿ ಹೌಸ್ ಸರ್ಜನ್ ಆಗಿದ್ದಳು. ರಾತ್ರಿ ಪಾಳಿಯಲ್ಲಿ ಸತ್ತವರ ಮನೆಗೆ ಫೋನ್ ಮಾಡಿ ತಿಳಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು. ಅದನ್ನು ಹೇಗೆ ಹೇಳಬೇಕೆಂದು ಯಾರೂ ಕಲಿಸಿರಲಿಲ್ಲ. ಅಲೆ ಇಳಿದು ವರ್ಷವಾದರೂ ಮನೆಯಲ್ಲಿ ಫೋನ್ ಬಾರಿಸಿದರೆ ಎದ್ದು ಒಳಕೋಣೆಗೆ ಹೋಗುತ್ತಿದ್ದಳು. ನಾವು ಮಾಡಿದ್ದೇನು? ಅಕ್ಕ ತಾವೀಜು ಕಟ್ಟಿಸಿದರು. ಇಮಾನ್ ಗಟ್ಟಿಯಿದ್ದವರಿಗೆ ಇಂಥದ್ದೆಲ್ಲ ಬರುವುದಿಲ್ಲ ಎಂದರು ಭಾವ. ಕತೆ ಬರೆದು ಮನುಷ್ಯರ ಮನಸ್ಸು ಬಲ್ಲೆನೆಂದುಕೊಂಡಿದ್ದ ನಾನೂ ‘ಸಬ್ರ್ ಮಾಡು ಬೇಟಿ’ ಎಂದೆ. ‘ಎಷ್ಟು ದಿನ ಖಾಲಾ?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಇದು ಒಂದು ಮನೆಯ ಹುಡುಗಿಯ ದೌರ್ಬಲ್ಯವೇ? ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ವರದಿ ಕೊಟ್ಟಿತು. ಅದರ ಸಮೀಕ್ಷೆಗೆ ಉತ್ತರಿಸಿದ 25,590 ಪದವಿ ವಿದ್ಯಾರ್ಥಿಗಳಲ್ಲಿ ಶೇ. 27.8ರಷ್ಟು ಮಂದಿ ತಮಗೆ ಮಾನಸಿಕ ಕಾಯಿಲೆಯಿದೆಯೆಂದು ವೈದ್ಯರೇ ಗುರುತಿಸಿರುವುದಾಗಿ ಹೇಳಿದ್ದಾರೆ. ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಶೇ. 31.2ರಷ್ಟು ಮಂದಿ ಆತ್ಮಹತ್ಯೆಯ ಯೋಚನೆ ಬಂದದ್ದುಂಟು ಎಂದಿದ್ದಾರೆ. ಇಷ್ಟೊಂದು ಮಕ್ಕಳ ಇಮಾನ್ ಒಟ್ಟಿಗೇ ಸಡಿಲವಾಯಿತೇ?

ಕಾರಣಗಳು ಆಕಾಶದಿಂದ ಬಿದ್ದವಲ್ಲ. 2021ರ ಏಪ್ರಿಲ್ 18ಕ್ಕೆ ನಿಗದಿಯಾಗಿದ್ದ ನೀಟ್ ಪಿಜಿ ಪರೀಕ್ಷೆ ನಡೆದದ್ದು ಸೆಪ್ಟೆಂಬರ್ 11ರಂದು. ಸೀಟು ಹಂಚಿಕೆ ಶುರುವಾದದ್ದು 2022ರ ಜನವರಿಯಲ್ಲಿ. ಹೊಸಬರು ಬರಲಿಲ್ಲ. ಮೂರು ಬ್ಯಾಚಿನ ಕೆಲಸ ಎರಡು ಬ್ಯಾಚಿನ ಹೆಗಲಿಗೆ ಬಿತ್ತು. ನೂರು ದಿನ ಕೋವಿಡ್ ಕೆಲಸ ಮಾಡಿದವರಿಗೆ ಪ್ರಧಾನಿಯ ಹೆಸರಿನ ಸಮ್ಮಾನ ಕೊಡುವುದಾಗಿ ಸರಕಾರ ಸಾರಿತು. ಅದಕ್ಕೂ ಮೊದಲು, 2020ರಲ್ಲಿ, ನಮ್ಮ ದಾವಣಗೆರೆಯಲ್ಲಿ ತಿಂಗಳುಗಟ್ಟಲೆ ಬಾಕಿಯಿದ್ದ ಸ್ಟೈಪೆಂಡಿಗಾಗಿ ಕಿರಿಯ ವೈದ್ಯರು ಬೀದಿಗೆ ಬಂದು ಕೂತಿದ್ದರು. ಯೋಧರಿಗೆ ಪದಕದ ಮಾತು ಬೇಗ ಸಿಗುತ್ತದೆ, ಪಗಾರ ಸಿಗುವುದಿಲ್ಲ.

ಕೇಂದ್ರ ಸರಕಾರದ 1992ರ ರೆಸಿಡೆನ್ಸಿ ಆದೇಶ ವಾರಕ್ಕೆ 48 ಗಂಟೆ ದುಡಿಮೆ ಎಂದಿತ್ತು. ಮಕ್ಕಳ ಮನಸ್ಸು ಕಾಪಾಡಲು ಕೂತ 2024ರ ಕಾರ್ಯಪಡೆ 74 ಗಂಟೆ ಮೀರಬಾರದು ಎನ್ನುತ್ತದೆ. ಮೂವತ್ತೆರಡು ವರ್ಷಗಳಲ್ಲಿ ನಾವು ಮುಂದೆ ಬಂದದ್ದೋ, ಹಿಂದೆ ಹೋದದ್ದೋ? ಇಂಥ ದುಡಿಮೆಯ ನಡುವೆ ವರ್ಷಕ್ಕೊಂದು ದಿನ ಯೋಗ, ಧ್ಯಾನದ ಶಿಬಿರ ಮಾಡಿ ಫೋಟೋ ತೆಗೆಸಿಕೊಳ್ಳುವುದು ಕಣ್ಣೊರೆಸುವ ಕೆಲಸ.

ನಮ್ಮವರಿಗೂ ಒಂದು ಮಾತು. ಮಗ ಯೂಸುಫರನ್ನು ಕಳೆದುಕೊಂಡ ಪ್ರವಾದಿ ಯಾಕೂಬರು ಸಬ್ರಿನ ಮಾತಾಡಿದರು. ಅದೇ ಯಾಕೂಬರ ಕಣ್ಣುಗಳು ದುಃಖದಿಂದ ಬೆಳ್ಳಗಾದವು ಎಂದೂ ಕುರ್‌ಆನ್ ಹೇಳುತ್ತದೆ. ಅವರ ಇಮಾನ್ ಕಡಿಮೆಯಿತ್ತೆಂದು ಯಾವ ಮೌಲ್ವಿ ಹೇಳಬಲ್ಲರು? ಮದುವೆ ಮಾತುಕತೆಯಲ್ಲಿ ‘ನಮ್ಮ ಹುಡುಗಿ ಡಾಕ್ಟರ್’ ಎಂದು ಎದೆಯುಬ್ಬಿಸುವ ನಾವು, ಅದೇ ಹುಡುಗಿ ನಿದ್ದೆ ಬರುವುದಿಲ್ಲ ಎಂದಾಗ ಸಂಬಂಧ ಕೆಟ್ಟೀತೆಂದು ಬಾಯಿ ಮುಚ್ಚಿಸುತ್ತೇವೆ.

ಇನ್ನೊಂದು ಸಾಂಕ್ರಾಮಿಕ ಬಂದೇ ಬರುತ್ತದೆ. ಅಷ್ಟರೊಳಗೆ ದುಡಿಮೆಯ ಗಂಟೆಗಳಿಗೆ ಕಡಿವಾಣ ಬೀಳಬೇಕು, ಸ್ಟೈಪೆಂಡ್ ತಿಂಗಳು ತಿಂಗಳು ಕೈ ಸೇರಬೇಕು. ಅಂಕ ಹಾಕುವ ಪ್ರೊಫೆಸರರಿಗೆ ಸುದ್ದಿ ಮುಟ್ಟಿಸದ ಆಪ್ತ ಸಮಾಲೋಚಕರು ಪ್ರತಿ ಕಾಲೇಜಿನಲ್ಲಿರಬೇಕು. ಸಾವಿನ ನಡುವೆ ದುಡಿದು ಬಂದವರಿಗೆ ರಜೆ ಭಿಕ್ಷೆಯಾಗದೆ ಹಕ್ಕಾಗಿ ಸಿಗಬೇಕು.

ನನ್ನ ಅಕ್ಕನ ಮಗಳು ಕೊನೆಗೆ ತಾನೇ ಮನೋವೈದ್ಯರ ಬಳಿ ಹೋದಳು. ಈಗ ಫೋನ್ ಎತ್ತುತ್ತಾಳೆ. ಆದರೆ ಆರು ತಿಂಗಳು ಅವಳು ನಮ್ಮಿಂದ ಮುಚ್ಚಿಟ್ಟು ಔಷಧ ತೆಗೆದುಕೊಳ್ಳಬೇಕಾಯಿತು. ಅದಕ್ಕೆ ನಾಚಬೇಕಾದವರು ನಾವು.