ಆಕಾಶದ ಕಣ್ಣೂ ನದಿಯ ಮೇಲಣ ಎಣ್ಣೆಯೂ

ನದಿಯ ನೀರಿಗೆ ಎಣ್ಣೆ ಬಿದ್ದರೆ ಅದನ್ನು ಕಾಣುವವರಾರು, ಕಂಡುದನ್ನು ಮುಚ್ಚದೆ ಹೇಳುವವರಾರು? ಪ್ರಿಯ ವಾಚಕರು ಈ ಪ್ರಶ್ನೆಯನ್ನು ಸ್ವಲ್ಪ ಆಲೋಚಿಸಬೇಕೆಂದು ಕೋರುತ್ತೇವೆ.

2020ನೆಯ ಇಸವಿ ಮೇ 29ರಂದು, ರಷ್ಯಾ ದೇಶದ ಉತ್ತರ ಭಾಗದ ನೊರಿಲ್ಸ್ಕ್ ಪಟ್ಟಣದ ಬಳಿ ವಿದ್ಯುತ್ ಕೇಂದ್ರವೊಂದರ ತೊಟ್ಟಿಯೊಡೆದು, ಸುಮಾರು 21,000 ಟನ್ ಡೀಸೆಲ್ ಎಣ್ಣೆಯು ಹೊರಚೆಲ್ಲಿತು. ಅದರ ಬಹುಭಾಗವು ಅಂಬರ್ನಾಯಾ ಮುಂತಾದ ನದಿಗಳ ಪಾಲಾಯಿತು. ನಿಜಸ್ಥಿತಿಯು ತಮಗೆ ಎರಡು ದಿನಗಳ ಬಳಿಕ, ಸಾಮಾಜಿಕ ಜಾಲತಾಣಗಳ ಸುದ್ದಿಯಿಂದ ತಿಳಿಯಿತೆಂದು ಆ ಪ್ರಾಂತದ ಗವರ್ನರರು ಹೇಳಿದರು. ತಾನು ಸಕಾಲದಲ್ಲಿಯೇ ತಿಳಿಸಿದೆನೆಂದು ಕಂಪನಿಯು ಹೇಳಿತು. ಮನುಷ್ಯರ ಮಾತುಗಳು ಹೀಗೆ ಭಿನ್ನವಾಗಿರಲು, ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಪಕ್ಷಪಾತವಿಲ್ಲದೆ ಸಾಕ್ಷಿ ನುಡಿದುವು. ಮೇ 23ರ ಚಿತ್ರದಲ್ಲಿ ಕಾಣದಿದ್ದ ಕೆಂಪು ಪಟ್ಟೆಗಳು ಮೇ 31ರ ಚಿತ್ರದಲ್ಲಿ ನದಿಯುದ್ದಕ್ಕೂ ಸ್ಪಷ್ಟವಾಗಿ ಕಂಡುಬಂದುವು.

ಆದರೆ ಈ ಆಕಾಶದ ಕಣ್ಣೊಂದೇ ಸಾಕೆಂದು ನಾವು ನಂಬಲಾರೆವು. ಮೋಡ ಕವಿದರೆ ಅದು ನೆಲವನ್ನು ಕಾಣದು. ಅದರ ಚಿತ್ರದ ಒಂದೊಂದು ಚುಕ್ಕೆಯೂ, ಅತ್ಯಂತ ಸೂಕ್ಷ್ಮವಾದಲ್ಲಿಯೂ, ನೆಲದ ಮೇಲೆ 10 ಮೀಟರ್ ಅಗಲವುಳ್ಳದ್ದು. ಆದುದರಿಂದ ಕಿರಿದಾದ ತೊರೆಯ ಎಣ್ಣೆಯು ಅದಕ್ಕೆ ತಪ್ಪಿಹೋಗಬಹುದು. ರೇಡಾರ್ ಉಪಗ್ರಹವಾದರೋ ಮೋಡವನ್ನೂ ಇರುಳನ್ನೂ ಭೇದಿಸಿ ನೋಡುವುದು. ಎಣ್ಣೆಯು ಕಿರುದೆರೆಗಳನ್ನಡಗಿಸುವುದರಿಂದ ಆ ಸ್ಥಳವು ಅದರ ಚಿತ್ರದಲ್ಲಿ ಕಪ್ಪಾಗಿ ತೋರುವುದು. ಆದರೆ ಗಾಳಿಯಿಲ್ಲದೆ ನಿಶ್ಚಲವಾದ ಶುದ್ಧ ಜಲವೂ ಹಾಗೆಯೇ ತೋರುವುದುಂಟು. ಎಣ್ಣೆಯೋ ನೆರಳೋ ಎಂಬುದನ್ನು ನಿರ್ಣಯಿಸಲು ದಡದಲ್ಲಿ ನಿಂತು ನೀರನ್ನು ಪರೀಕ್ಷಿಸುವವರೇ ಬೇಕು.

ಹಾಗಾದರೆ ಉಪಗ್ರಹದ ಮುಖ್ಯ ಉಪಕಾರವಾವುದು? ಸೆಂಟಿನೆಲ್ ಚಿತ್ರಗಳು ಬೆಲೆಯಿಲ್ಲದೆ ಸರ್ವರಿಗೂ ದೊರೆಯುತ್ತವೆ. ಅಧಿಕಾರಿಗೆ ಕಾಣುವ ಚಿತ್ರವೇ ನದೀತೀರದ ಬೆಸ್ತನಿಗೂ ಶಾಲೆಯ ಬಾಲಿಕೆಗೂ ಕಾಣಬಲ್ಲುದು. ಬಚ್ಚಿಡುವುದನ್ನು ಕಷ್ಟವಾಗಿಸುವ ಈ ಬಹಿರಂಗತೆಯೇ ಅದರ ಪರಮ ಪ್ರಯೋಜನವೆಂದು ನಮ್ಮ ಅಭಿಪ್ರಾಯ. ಯಾವ ಸರ್ಕಾರವೂ ಈ ಬಾಗಿಲನ್ನು ಮುಚ್ಚಬಾರದು.

ಆದರೂ ಓದಲರಿಯದವರಿಗೆ ತೆರೆದ ಪುಸ್ತಕದಿಂದ ಫಲವೇನು? ಭೂಗೋಳದ ಪಾಠದಲ್ಲಿ ನಕ್ಷೆಯನ್ನು ಕಲಿಸುವಂತೆಯೇ ಉಪಗ್ರಹದ ಚಿತ್ರವನ್ನೂ ಓದಲು ಕಲಿಸಬೇಕು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರಾಗಿರುವವರು ಇದನ್ನು ಕೈಕೊಳ್ಳಲಿ. ಮಗಳು ವಿಜ್ಞಾನವನ್ನು ಕಲಿಯಲಪೇಕ್ಷಿಸಿದರೆ ತಾಯಿತಂದೆಗಳು ಅಡ್ಡಿಮಾಡದಿರಲಿ. ಎಣ್ಣೆಯು ದಿನದಿನಕ್ಕೂ ಕೆಳಕ್ಕೆ ಹರಿಯುವುದು. ಕಂಡವರು ಒಡನೆಯೇ ಹೇಳಿದರೆ ಮಾತ್ರ ಅದನ್ನು ತಡೆಯಲು ಸಾಧ್ಯ.