ಖಡ್ಗದ ಅಳತೆ, ಅಹಿಂಸೆಯ ಅಳತೆ

ನಮ್ಮ ಸಮಾಜದ ಕೆಲವು ಹಿರಿಯರ ಬಾಯಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತಿದೆ. ಹಳೆಯ ಮನೆತನಗಳಲ್ಲಿಯೂ ಕೆಲವು ಬಸದಿಗಳ ಉಗ್ರಾಣಗಳಲ್ಲಿಯೂ ಉಳಿದಿರುವ ಖಡ್ಗ, ಕಠಾರಿ, ಭರ್ಜಿಗಳನ್ನು ಸರಕಾರಕ್ಕೆ ಒಪ್ಪಿಸಿಬಿಡಬೇಕು, ಇಲ್ಲವೇ ಕರಗಿಸಿಬಿಡಬೇಕು; ಖಡ್ಗವನ್ನು ನಿರ್ಬಂಧಿಸುವ ಕಾನೂನು ಎಷ್ಟು ಬಿಗಿಯಾದರೆ ಅಹಿಂಸಾಧರ್ಮಕ್ಕೆ ಅಷ್ಟು ಜಯ ಎಂಬುದು ಆ ಮಾತಿನ ಸಾರ. ಹೇಳುವವರು ಸಜ್ಜನರು. ಅವರ ಉದ್ದೇಶದಲ್ಲಿ ನನಗೆ ಸಂಶಯವಿಲ್ಲ. ಆದರೆ ಈ ಮಾತು ವ್ಯವಹಾರದ ದೃಷ್ಟಿಯಿಂದಲೂ ಶಾಸ್ತ್ರದ ದೃಷ್ಟಿಯಿಂದಲೂ ತಪ್ಪೆಂದು ನಾನು ತಿಳಿದಿದ್ದೇನೆ. ಅದನ್ನು ಸ್ಪಷ್ಟವಾಗಿ ಹೇಳದೆ ಸುಮ್ಮನಿರುವುದು ಈ ವಯಸ್ಸಿನಲ್ಲಿ ನನಗೆ ಉಚಿತವೆನಿಸುವುದಿಲ್ಲ.

ಮೊದಲು ನನ್ನ ಅಂಗಡಿಯ ಮಾತು. ನಲವತ್ತು ವರ್ಷಗಳಿಂದ ಕಬ್ಬಿಣದ ಸಾಮಾನಿನ ವ್ಯಾಪಾರ ಮಾಡಿಕೊಂಡು ಬಂದವನು ನಾನು. ಕಬ್ಬಿನ ಹಂಗಾಮು ಬಂತೆಂದರೆ ಕೊಯ್ತಾಗಳು ಡಜನ್‌ಗಟ್ಟಲೆ ಹೋಗುತ್ತವೆ. ಕೊಡಲಿ, ಕುಡುಗೋಲು, ತೆಂಗಿನಕಾಯಿ ಕೆತ್ತುವ ಮಚ್ಚು ವರ್ಷವಿಡೀ ಮಾರಾಟವಾಗುತ್ತವೆ. ಕೊಳ್ಳುವವನ ಹೆಸರನ್ನು ನಾನು ಕೇಳಬೇಕಾಗಿಲ್ಲ, ಬರೆದುಕೊಳ್ಳಬೇಕಾಗಿಲ್ಲ. 1959ರ ಆಯುಧ ಕಾಯಿದೆಯೇ ಹಾಗೆ ಹೇಳುತ್ತದೆ. ಕೇವಲ ಗೃಹಕೃತ್ಯಕ್ಕೆ ಅಥವಾ ಕೃಷಿಗೆ ರೂಪಿಸಿದ ವಸ್ತು ಆಯುಧವಲ್ಲ. 1962ರ ನಿಯಮಾವಳಿಯಲ್ಲಿ ಐದನೆಯ ವರ್ಗವೆಂದು ಒಂದಿದೆ: ಖಡ್ಗ, ಕಠಾರಿ, ಭಲ್ಲೆ, ಕೃಪಾಣ ಮೊದಲಾದವು, ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿರುವಂಥವು. 2016ರ ಹೊಸ ನಿಯಮಾವಳಿಯೂ ಇದೇ ಅಳತೆಯನ್ನು ಉಳಿಸಿಕೊಂಡಿದೆ. ಇಂಥವನ್ನು ತಯಾರಿಸಿ ಮಾರುವವನಿಗೆ ಪರವಾನಗಿ ಬೇಕು. ನನ್ನ ಗಲ್ಲೆಯ ಪಕ್ಕದಲ್ಲಿ ತೂಗುಹಾಕಿರುವ ಮಚ್ಚು 14 ಇಂಚಿನದು. ಅದಕ್ಕೆ ಏನೂ ಬೇಡ. ಪತ್ರಿಕೆಗಳಲ್ಲಿ ಬರುವ ಕೊಲೆಯ ಸುದ್ದಿಗಳನ್ನು ಓದಿರಿ. ಪೊಲೀಸರು ವಶಪಡಿಸಿಕೊಂಡರೆಂದು ಬರೆಯುವುದು ಬಹುಪಾಲು ಮಚ್ಚು, ಕೊಡಲಿ, ಚಾಕುಗಳನ್ನೇ ಹೊರತು ಮನೆತನದ ಖಡ್ಗವನ್ನಲ್ಲ.

ಇನ್ನು ನನ್ನ ಸೋದರಮಾವನ ಮನೆಯ ಮಾತು. ಅವರದು ಪಾಟೀಲಕಿಯ ಮನೆತನ. ದೇವರ ಮನೆಯ ಹೊರಗೋಡೆಯ ಮೇಲೆ ಒಂದು ಖಡ್ಗ ತೂಗುತ್ತಿತ್ತು. ಅಲಗು ಮೊಂಡಾಗಿತ್ತು, ಹಿಡಿಯ ಮೇಲೆ ಬೆಳ್ಳಿಯ ಎಳೆಗಳ ಕುಸುರಿ ಇತ್ತು. ಖಂಡೇಪೂಜೆಯ ದಿನ ಅದಕ್ಕೆ ಗಂಧ ಅಕ್ಷತೆ; ಉಳಿದ ವರ್ಷವೆಲ್ಲ ಅದು ಗೋಡೆಯ ಮೇಲೆಯೇ. ಒಂದು ವರ್ಷ ಸಮೀಪದ ಪಟ್ಟಣದಲ್ಲಿ ಗಲಭೆಯಾಯಿತು. ಅಧಿಕಾರಿಯೊಬ್ಬರು ಊರಿಗೆ ಬಂದು, ಖಡ್ಗ ಮನೆಯಲ್ಲಿದ್ದರೆ ಜೈಲು ಎಂದು ಬಾಯಿಮಾತಿನಲ್ಲಿ ಹೇಳಿಹೋದರು. ಮಾವ ಸಾಧು ಸ್ವಭಾವದವರು. ಅಂದು ರಾತ್ರಿಯೇ ಅದನ್ನು ಕಮ್ಮಾರನ ಮನೆಗೆ ಒಯ್ದು ತುಂಡು ಮಾಡಿಸಿದರು. ಅಲಗಿನಿಂದ ಎರಡು ಕುಡುಗೋಲು ಆದವು. ಹಿಡಿಯನ್ನು ನನಗೆ ಕೊಟ್ಟರು.

ಕೆಲವು ವರ್ಷಗಳ ಮೇಲೆ ನಾನು ಕಾಯಿದೆಯ ಪುಸ್ತಕವನ್ನೇ ತಂದು ಓದಿದೆ. ಬಂದೂಕಿಗೆ ಎಲ್ಲೆಡೆಯೂ ಪರವಾನಗಿ ಬೇಕು. ಆದರೆ ಖಡ್ಗದಂಥ ಆಯುಧವನ್ನು ಕೇವಲ ಇಟ್ಟುಕೊಳ್ಳುವುದಕ್ಕೆ ಪರವಾನಗಿ ಬೇಕಾಗುವುದು, ನಾಲ್ಕನೆಯ ಕಲಮಿನ ಪ್ರಕಾರ, ಕೇಂದ್ರ ಸರಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮಾತ್ರ. ಮಾವನ ಊರು ಅಂಥ ಪ್ರದೇಶದಲ್ಲಿತ್ತೇ ಎಂಬುದನ್ನು ಹೇಳುವವರೂ ಇರಲಿಲ್ಲ, ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಆ ಖಡ್ಗವನ್ನು ಮುರಿದದ್ದು ಕಾನೂನಲ್ಲ, ಕಾನೂನಿನ ಭಯ. ಅಸ್ಪಷ್ಟವಾದ ಕಾನೂನು ಭಯವನ್ನೇ ಹಂಚುತ್ತದೆ. ಆ ಭಯ ಸಜ್ಜನನಿಗೆ ತಟ್ಟುವಷ್ಟು ದುರ್ಜನನಿಗೆ ತಟ್ಟುವುದಿಲ್ಲ.

ಈ ಭಯಕ್ಕೆ ನಮ್ಮ ನಾಡಿನಲ್ಲಿ ಹಳೆಯ ಬೇರಿದೆ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಆ ವರ್ಷದ ನವೆಂಬರಿನಲ್ಲಿ ಸೈನ್ಯ ಊರನ್ನು ಸುಟ್ಟಿತು, ಹಲವರು ಗಲ್ಲಿಗೇರಿದರು. ಆ ಕಥೆಯನ್ನು ಹೇಳುವ ಲಾವಣಿಯನ್ನು ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯೇ ಸಂಗ್ರಹಿಸಿ ಉಳಿಸಿದನೆಂಬುದು ವಿಚಿತ್ರ. ಮುಂದೆ 1878ರಲ್ಲಿ ಲಿಟನ್ನನ ಕಾಲದ ಆಯುಧ ಕಾಯಿದೆ ಬಂದಿತು. ಇಡೀ ರಾಷ್ಟ್ರವನ್ನು ನಿರಾಯುಧಗೊಳಿಸಿದ ಆ ಕಾಯಿದೆಯನ್ನು ಬ್ರಿಟಿಷ್ ಆಳ್ವಿಕೆಯ ಅತ್ಯಂತ ಕರಾಳ ಕೃತ್ಯವೆಂದು ಕರೆದವರು ಮಹಾತ್ಮಾ ಗಾಂಧೀಜಿಯವರು. 1918ರಲ್ಲಿ ಸೈನ್ಯಕ್ಕೆ ಜನ ಸೇರಿಸುವ ಸಂದರ್ಭದಲ್ಲಿ ಅವರು ಹಾಗೆ ಬರೆದರು. ಸಂದರ್ಭವನ್ನು ಮರೆಮಾಚಿ ಅವರ ಮಾತನ್ನು ಬಳಸಿಕೊಳ್ಳುವುದು ನನಗೆ ಇಷ್ಟವಿಲ್ಲ. ಆದರೂ ಆಯುಧವನ್ನು ಕಸಿದುಕೊಂಡ ಮಾತ್ರಕ್ಕೆ ಅಹಿಂಸೆ ಹುಟ್ಟುವುದಿಲ್ಲವೆಂಬುದು ಅವರಿಗೆ ತಿಳಿದಿತ್ತೆಂದು ಇದರಿಂದ ವ್ಯಕ್ತವಾಗುತ್ತದೆ.

ತಯಾರಕರ ಸ್ಥಿತಿಯನ್ನು ನೋಡೋಣ. ಯೂರೋಪಿನವರು ‘ವೂಟ್ಸ್’ ಎಂದು ಕರೆದ ಉಕ್ಕಿನ ಹೆಸರು ನಮ್ಮ ‘ಉಕ್ಕು’ ಎಂಬ ಶಬ್ದದಿಂದಲೇ ಬಂದಿತೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಬುಕಾನನ್ ಇಲ್ಲಿ ಮೂಸೆಗಳಲ್ಲಿ ಉಕ್ಕು ಮಾಡುವ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ವಿದ್ಯುತ್ತಿನ ಸಂಶೋಧನೆಗೆ ಹೆಸರಾದ ಮೈಕೆಲ್ ಫ್ಯಾರಡೆ, ಕಮ್ಮಾರನ ಮಗ, 1819ರಲ್ಲಿ ಈ ಉಕ್ಕನ್ನು ಪರೀಕ್ಷಿಸಿ ಲೇಖನ ಪ್ರಕಟಿಸಿದ. ಅಂಥ ಉಕ್ಕನ್ನು ಅಲಗಾಗಿ ಬಡಿಯುವ, ನೀರು ಕುಡಿಸುವ, ಒಪ್ಪ ಕೊಡುವ ವಿದ್ಯೆ ಎಲ್ಲಿದೆ ಈಗ? ಒಪ್ಪ ಕೊಡುವುದನ್ನೇ ಕುಲವೃತ್ತಿ ಮಾಡಿಕೊಂಡಿದ್ದ ಶಿಕಲಗಾರರು ಇಂದು ಬೀದಿಯಲ್ಲಿ ಕತ್ತರಿ, ಚಾಕುಗಳನ್ನು ಸಾಣೆ ಹಿಡಿದು ಬದುಕುತ್ತಾರೆ. ಇದಕ್ಕೆಲ್ಲ ಕಾನೂನೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಅಗ್ಗದ ವಿಲಾಯತಿ ಉಕ್ಕು ಬಂದದ್ದು, ಸಂಸ್ಥಾನಗಳು ಹೋದದ್ದು, ಎಲ್ಲವೂ ಸೇರಿವೆ. ಆದರೆ ಉಳಿದ ನಾಲ್ಕು ಕುಲುಮೆಗಳ ಬಾಗಿಲಿಗೂ ಕಾನೂನು ಬೀಗ ಹಾಕಿತು. ಆಟಿಕೆಯಾಗಿ ಮಾತ್ರ ಬಳಕೆಗೆ ಬರುವುದಾದರೆ ಕಾಯಿದೆಯ ಆಕ್ಷೇಪವಿಲ್ಲ. ಹೀಗಾಗಿ ಮದುವೆ ಮೆರವಣಿಗೆಯ ತಗಡಿನ ಕತ್ತಿಗೆ ಮಾರುಕಟ್ಟೆಯಿದೆ. ವಿದ್ಯೆ ಬೇಡುವ ಕತ್ತಿಗೆ ಇಲ್ಲ.

ಸಂಗ್ರಾಹಕನದು ಬೇರೆ ಸಂಕಟ. 1972ರ ಪ್ರಾಚ್ಯವಸ್ತು ಕಾಯಿದೆಯು ನೂರು ವರ್ಷ ಮೀರಿದ ಕಲಾವಸ್ತುಗಳನ್ನು ಪ್ರಾಚ್ಯವಸ್ತುವೆಂದು ಗುರುತಿಸಿ, ಖಾಸಗಿಯವರು ಅವನ್ನು ದೇಶದ ಹೊರಗೆ ಕಳಿಸಕೂಡದೆನ್ನುತ್ತದೆ. ಆಯುಧ ಕಾಯಿದೆಯ ಭಯವು ಅದೇ ವಸ್ತುವನ್ನು ಬಚ್ಚಿಡು ಎನ್ನುತ್ತದೆ. ಒಂದು ಕಾನೂನು ಕಾಪಾಡೆಂದಾಗ ಇನ್ನೊಂದು ಅಡಗಿಸೆಂದರೆ ಆತ ಏನು ಮಾಡಬೇಕು? ಅಡಗಿಸಿಟ್ಟದ್ದಕ್ಕೆ ದಾಖಲೆಯಿರುವುದಿಲ್ಲ. ಯಾವ ಮನೆತನದ್ದು, ಯಾವ ಊರಿನದು ಎಂಬುದು ಒಂದು ತಲೆಮಾರಿನಲ್ಲಿ ಅಳಿಸಿಹೋಗುತ್ತದೆ. ಅತ್ತ ಲಂಡನ್ನಿನಲ್ಲಿ 2023ರ ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನನ ಶಯನಗೃಹದ ಖಡ್ಗವು ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಮಾರಾಟವಾಯಿತು. 1799ರಲ್ಲಿ ಶ್ರೀರಂಗಪಟ್ಟಣದಿಂದ ಹೋದದ್ದು ಅದು. ಹೊರಗೆ ಹೋದದ್ದಕ್ಕೆ ವಂಶಾವಳಿ ಸಮೇತ ದಾಖಲೆ, ಒಳಗೆ ಉಳಿದದ್ದಕ್ಕೆ ಕಮ್ಮಾರನ ಸುತ್ತಿಗೆ!

ಬ್ರಿಟನ್ನಿನವರು ತಮ್ಮ ದೇಶದಲ್ಲಿ ಏನು ಮಾಡಿದರೆಂಬುದೂ ನೋಡತಕ್ಕದ್ದು. 2008ರ ಏಪ್ರಿಲ್‌ನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 50 ಸೆಂಟಿಮೀಟರಿಗೆ ಕಡಮೆಯಿಲ್ಲದ ಬಾಗಿದ ಅಲಗಿನ ಖಡ್ಗಗಳ ಮಾರಾಟ, ಆಮದುಗಳನ್ನು ನಿಷೇಧಿಸಿದರು. ಅಗ್ಗದ ನಕಲಿ ಸಮುರಾಯ್ ಕತ್ತಿಗಳಿಂದಾದ ಹಲ್ಲೆಗಳು ಅದಕ್ಕೆ ಕಾರಣ. ಸಂಗ್ರಾಹಕರು ಆಕ್ಷೇಪಿಸಿದ ಬಳಿಕ ಅದೇ ವರ್ಷ ತಿದ್ದುಪಡಿ ಬಂದು, 1954ಕ್ಕಿಂತ ಮೊದಲಿನ ಖಡ್ಗಗಳಿಗೂ ಸಾಂಪ್ರದಾಯಿಕ ಕ್ರಮದಲ್ಲಿ ಕೈಯಿಂದ ಮಾಡಿದವಕ್ಕೂ ವಿನಾಯಿತಿ ದೊರೆಯಿತು. ಇದು ವಿವೇಕದ ಹೆಜ್ಜೆಯೆಂದು ಒಪ್ಪಿಕೊಳ್ಳಬೇಕು. ಆದರೆ ಅಪರಾಧಿ ಏನು ಮಾಡಿದ? ಬಾಗಿದ್ದು ಬಿಟ್ಟು ನೇರವಾದದ್ದನ್ನು ಹಿಡಿದ. 2025ರ ಆಗಸ್ಟ್ 1ರಿಂದ ‘ನಿಂಜಾ’ ಎಂಬ ಹೆಸರಿನ ನೇರ ಅಲಗಿನ ಕತ್ತಿಗಳಿಗೂ ನಿಷೇಧ ಬಂದಿದೆ. ಆಕಾರವನ್ನು ಅಟ್ಟಿಸಿಕೊಂಡು ಹೋಗುವ ಕಾನೂನಿಗೆ ನಿಲ್ದಾಣವೇ ಇಲ್ಲ.

ಜಪಾನಿನ ಕ್ರಮ ಬೇರೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1876ರಲ್ಲಿಯೇ ಅಲ್ಲಿ ಸಾರ್ವಜನಿಕವಾಗಿ ಖಡ್ಗ ಧರಿಸುವುದು ನಿಷಿದ್ಧವಾಯಿತು. 1945ರ ಸೋಲಿನ ಬಳಿಕ ಆಕ್ರಮಿತ ಸೇನೆಯು ಖಡ್ಗಗಳನ್ನು ರಾಶಿ ರಾಶಿಯಾಗಿ ವಶಪಡಿಸಿಕೊಂಡು ನಾಶಪಡಿಸಿತು, ಕುಲುಮೆಗಳು ಆರಿದವು. ಕಲಾವಸ್ತುವಾದ ಖಡ್ಗವನ್ನು ಬೇರೆಯಾಗಿ ಎಣಿಸಬೇಕೆಂದು ಬಲ್ಲವರು ವಾದಿಸಿ ಗೆದ್ದರು. ಈಗಿರುವ 1958ರ ಕಾನೂನಿನ ಪ್ರಕಾರ ಅಲ್ಲಿ ಖಡ್ಗವೇ ನೋಂದಣಿಯಾಗುತ್ತದೆ. ನೋಂದಣಿ ಮಾಡುವುದು ಪೊಲೀಸರಲ್ಲ, ಆಯಾ ಪ್ರಾಂತದ ಶಿಕ್ಷಣ ಮಂಡಳಿ. ಆ ಕಾಗದ ಖಡ್ಗದೊಡನೆಯೇ ಕೈಯಿಂದ ಕೈಗೆ ಹೋಗುತ್ತದೆ. ಖಡ್ಗ ಮಾಡಬಯಸುವವನು ಪರವಾನಗಿಯುಳ್ಳ ಗುರುವಿನ ಬಳಿ ಕನಿಷ್ಠ ಐದು ವರ್ಷ ಕಲಿತಿರಬೇಕು. 1977ರಲ್ಲಿ ಶಿಮಾನೆ ಪ್ರಾಂತದಲ್ಲಿ ಹಳೆಯ ಪದ್ಧತಿಯ ಉಕ್ಕಿನ ಕುಲುಮೆಯೊಂದನ್ನು ಮತ್ತೆ ಹೊತ್ತಿಸಿ ಇಂಥವರಿಗೆ ಉಕ್ಕು ಒದಗಿಸುತ್ತಿದ್ದಾರೆ.

ಅಲ್ಲಿಯೂ ದೋಷವಿಲ್ಲದಿಲ್ಲ. ಒಬ್ಬ ಕಮ್ಮಾರ ತಿಂಗಳಿಗೆ ಎರಡು ಉದ್ದ ಖಡ್ಗ ಅಥವಾ ಮೂರು ಗಿಡ್ಡ ಖಡ್ಗಗಳಿಗಿಂತ ಹೆಚ್ಚು ಮಾಡಕೂಡದು. ವ್ಯಾಪಾರಿಯಾಗಿ ಲೆಕ್ಕ ಹಾಕಿದರೆ, ತಿಂಗಳಿಗೆ ಎರಡೇ ಸರಕು ಮಾರಿ ಮನೆ ನಡೆಸಬೇಕಾದವನು ಬೆಲೆಯನ್ನು ಶ್ರೀಮಂತನ ಕೈಗಷ್ಟೇ ನಿಲುಕುವಂತೆ ಇಡಬೇಕಾಗುತ್ತದೆ. ಯುದ್ಧಕಾಲದಲ್ಲಿ ಕಾರ್ಖಾನೆಯಲ್ಲಿ ತಯಾರಾದ ಸೈನಿಕರ ಖಡ್ಗಕ್ಕೆ ನೋಂದಣಿ ಸಿಗುವುದಿಲ್ಲ. ಮಡಿದ ಮಗನ ನೆನಪಾಗಿ ತಾಯಿ ಇಟ್ಟುಕೊಂಡಿದ್ದರೂ ಅದು ನಾಶವಾಗಬೇಕು. ಆದರೂ ಮುಖ್ಯ ಮಾತು ಉಳಿಯುತ್ತದೆ: ಅಲ್ಲಿ ಸಜ್ಜನನಿಗೆ ಹೋಗಬೇಕಾದ ಕಚೇರಿ ಯಾವುದೆಂದು ಗೊತ್ತಿದೆ. ನಮ್ಮಲ್ಲಿ ವಿನಾಯಿತಿಗಳು ಹೆಚ್ಚಾಗಿ ಸಮುದಾಯಗಳನ್ನು ಹಿಡಿದು ಬಂದಿವೆ. ಸಿಖ್ಖರ ಕೃಪಾಣಕ್ಕೆ ಸಂವಿಧಾನದ 25ನೆಯ ವಿಧಿಯ ರಕ್ಷಣೆಯಿದೆ. ಕೊಡವರಿಗೆ ಬಂದೂಕಿನ ಪರವಾನಗಿಯಿಂದ ವಿನಾಯಿತಿಯಿದೆ. ಅವು ನ್ಯಾಯವಾದವೇ. ಆದರೆ ವಸ್ತುವಿನ ಯೋಗ್ಯತೆಯನ್ನು ನೋಡಿ ರಕ್ಷಣೆ ಕೊಡುವ ಕ್ರಮ ನಮ್ಮಲ್ಲಿ ಬೆಳೆಯಲೇ ಇಲ್ಲ.

ಈಗ ಶಾಸ್ತ್ರದ ಮಾತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಪ್ರಕಾರಗಳನ್ನು ಹೇಳುವಾಗ ಹಿಂಸಾದಾನವನ್ನೂ ಹೇಳಿದ್ದಾರೆ. ಖಡ್ಗವನ್ನು ಕರಗಿಸಿರೆನ್ನುವವರು ಇದನ್ನೇ ಆಧಾರವಾಗಿ ತೋರಿಸುತ್ತಾರೆ. ಆದರೆ ಆಚಾರ್ಯರು ಅಲ್ಲಿ ಎಣಿಸಿರುವುದು ಖಡ್ಗವೊಂದನ್ನೇ ಅಲ್ಲ. ಕೊಡಲಿ, ಗುದ್ದಲಿ, ಬೆಂಕಿ, ಸಂಕೋಲೆ, ಇವೂ ಆ ಪಟ್ಟಿಯಲ್ಲಿವೆ. ಗುದ್ದಲಿಯಿಲ್ಲದೆ ಒಕ್ಕಲುತನವುಂಟೆ? ಬೆಂಕಿಯಿಲ್ಲದ ಅಡಿಗೆಮನೆಯುಂಟೆ? ಅವರು ದೂಷಿಸಿದ್ದು ವಸ್ತುವಿನ ಆಕಾರವನ್ನಲ್ಲ. ವಧೆಗೆ ಕಾರಣವಾಗುವಂತೆ ಅದನ್ನು ಇನ್ನೊಬ್ಬರ ಕೈಗೆ ಕೊಡುವುದನ್ನು. ಈ ಅರ್ಥದಲ್ಲಿ ನೋಡಿದರೆ ಗೋಡೆಯ ಮೇಲಿನ ಮೊಂಡು ಖಡ್ಗಕ್ಕಿಂತ, ಯಾರು ಏನೆಂದು ಕೇಳದೆ ನಾನು ಮಾರುವ ಹರಿತವಾದ ಮಚ್ಚೇ ಆ ಸೂತ್ರಕ್ಕೆ ಹತ್ತಿರ. ಇದನ್ನು ಬರೆಯುವಾಗ ನನ್ನ ಮನಸ್ಸಿಗೆ ಹಿತವಾಗಿಲ್ಲ. ಬರೆಯದಿರುವುದು ಅಪ್ರಾಮಾಣಿಕತೆಯಾಗುತ್ತಿತ್ತು.

ತತ್ತ್ವಾರ್ಥಸೂತ್ರವೂ ಹಿಂಸೆಯನ್ನು ಪ್ರಮತ್ತಯೋಗದಲ್ಲಿ, ಅಂದರೆ ಕಷಾಯವಶವಾದ ಮನೋವಾಕ್ಕಾಯಗಳ ಪ್ರವೃತ್ತಿಯಲ್ಲಿ ಗುರುತಿಸುತ್ತದೆ. ಅಲ್ಲಿ ಇಂಚುಗಳ ಲೆಕ್ಕವಿಲ್ಲ. ಆದಿದೇವನು ಪ್ರಜೆಗಳಿಗೆ ಕಲಿಸಿದ ಷಟ್ಕರ್ಮಗಳಲ್ಲಿ ಮೊದಲನೆಯದು ಅಸಿ. ಬಳಿಕ ಮಸಿ, ಕೃಷಿ ಮೊದಲಾದವು. ಸಿಂಹನಂದಿ ಆಚಾರ್ಯರ ಕೃಪೆಗೆ ಪಾತ್ರನಾದ ಗಂಗರ ಮೂಲಪುರುಷ ಕೊಂಗುಣಿವರ್ಮನು ಖಡ್ಗದ ಒಂದೇ ಏಟಿಗೆ ಶಿಲಾಸ್ತಂಭವನ್ನು ಕಡಿದನೆಂದು ಶಾಸನಗಳು ಹೇಳುತ್ತವೆ. ಬೆಳ್ಗೊಳದ ಬೆಟ್ಟದ ಮೇಲೆ ಬಾಹುಬಲಿಯನ್ನು ನಿಲ್ಲಿಸಿದ ಚಾವುಂಡರಾಯನು ಸೇನಾಪತಿ. ಅದು ರಾಜರ ಕಾಲ, ಈಗ ಅಸಿಯ ಅವಶ್ಯಕತೆಯೇನು ಎಂದು ಕೇಳುವಿರಿ. ಅವಶ್ಯಕತೆಯಿದೆಯೆಂದು ನಾನು ಹೇಳುತ್ತಿಲ್ಲ. ಆ ಕಾಲ ಇತ್ತು ಎಂಬುದಕ್ಕೆ ಸಾಕ್ಷಿ ಉಳಿಯಲೆಂದು ಹೇಳುತ್ತಿದ್ದೇನೆ.

ಖಡ್ಗದ ವ್ಯಾಪಾರ ಶ್ರಾವಕನಿಗೆ ತಕ್ಕುದಲ್ಲ. ನಾನು ಅದನ್ನು ಮಾಡಲಾರೆ. ಅದು ನಾನು ಸ್ವೀಕರಿಸಿದ ವ್ರತ. ವ್ರತವನ್ನು ಕಾನೂನಾಗಿ ಮಾಡಿ ಇನ್ನೊಬ್ಬನ ಅಡಿಗಲ್ಲಿನ ಮೇಲೆ ಹೇರುವ ಅಧಿಕಾರ ನನಗೆ ಯಾರು ಕೊಟ್ಟರು? ಬೀದಿಯಲ್ಲಿ, ಮೆರವಣಿಗೆಯಲ್ಲಿ ಹರಿತವಾದ ಖಡ್ಗವನ್ನು ಝಳಪಿಸುವವರನ್ನು ಯಾವ ಪಕ್ಷ, ಯಾವ ಮತವೆಂದು ನೋಡದೆ ಶಿಕ್ಷಿಸಲಿ. ಅಲ್ಲಿ ಕಾನೂನು ಈಗಿರುವುದಕ್ಕಿಂತಲೂ ಬಿಗಿಯಾಗಲಿ. ಮನೆಯ ಗೋಡೆಯ ಮೇಲಿರುವುದಕ್ಕೆ, ಕುಲುಮೆಯಲ್ಲಿ ಕಲಿಯುವವನಿಗೆ ಬೇಕಾದುದು ಶಿಕ್ಷೆಯಲ್ಲ, ದಾಖಲೆ. ಪ್ರಾಚ್ಯವಸ್ತು ಇಲಾಖೆ ಅಥವಾ ವಸ್ತುಸಂಗ್ರಹಾಲಯ ನೋಂದಣಿ ಮಾಡಿ ಖಡ್ಗದೊಡನೆ ಹೋಗುವ ಒಂದು ಪತ್ರ ಕೊಡಲಿ. ಗುರುವಿನ ಕೈಕೆಳಗೆ ಕಲಿತ ಕಮ್ಮಾರನಿಗೆ ಪರವಾನಗಿಯ ದಾರಿ ಸುಲಭವಾಗಲಿ.

ಸರಕಾರ ಅದನ್ನು ಮಾಡುವವರೆಗೆ ಬಸದಿಗಳ ಟ್ರಸ್ಟುಗಳು ಸುಮ್ಮನಿರಬೇಕಾಗಿಲ್ಲ. ಉಗ್ರಾಣದಲ್ಲಿರುವ ಒಂದೊಂದು ಆಯುಧದ ಛಾಯಾಚಿತ್ರ ತೆಗೆಸಿ, ಅಲಗಿನ ಉದ್ದಗಲ, ಹಿಡಿಯ ಕೆಲಸ, ಅದರ ಮೇಲೇನಾದರೂ ಬರೆಹವಿದ್ದರೆ ಅದರ ನಕಲು, ಯಾವ ಮನೆತನದವರು ಯಾವಾಗ ಒಪ್ಪಿಸಿದರೆಂಬ ವಿವರ, ಇಷ್ಟನ್ನು ಆಸ್ತಿಯ ರಿಜಿಸ್ಟರಿನಲ್ಲಿ ಬರೆದಿಡಲಿ. ವಕೀಲರಿಂದ ಆ ಪ್ರದೇಶಕ್ಕೆ ಅಧಿಸೂಚನೆ ಅನ್ವಯಿಸುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಲಿ. ಅನ್ವಯಿಸುವುದಾದರೆ ಪರವಾನಗಿಗೆ ಅರ್ಜಿ ಹಾಕಲಿ, ಇಲ್ಲವೇ ವಸ್ತುಸಂಗ್ರಹಾಲಯಕ್ಕೆ ರಸೀದಿ ಪಡೆದು ಒಪ್ಪಿಸಲಿ. ಬಾಯಿಮಾತಿಗೆ ಹೆದರಿ ರಾತ್ರಿ ಹೊತ್ತು ಯಾರೂ ಕಮ್ಮಾರನ ಮನೆಗೆ ಹೋಗಬಾರದು. ಮಾವನ ಮನೆಯ ಆ ಎರಡು ಕುಡುಗೋಲುಗಳಲ್ಲಿ ಒಂದು ಎಂದೋ ಸವೆದುಹೋಯಿತು. ಇನ್ನೊಂದರಲ್ಲಿ ಅವರ ಸೊಸೆ ಇಂದಿಗೂ ದನಗಳಿಗೆ ಮೇವು ಕೊಯ್ಯುತ್ತಾಳೆ. ಹಿಡಿ ನನ್ನಲ್ಲಿದೆ, ನೋಡಬಯಸುವವರು ಅಂಗಡಿಗೆ ಬರಬಹುದು.